ಸ್ಟೇಶನ್ ಬಜಾರದ ಪರವಾಸಿಗಳು: ಕಲಬುರಗಿಯ ಒಂದು ಪೇಟೆಯ ಚರಿತ್ರೆ ಮತ್ತು ಸಭೆಯ ನೆಲ

ಕಲಬುರಗಿಯ ಹಳೆಯ ಊರು ಕೋಟೆ, ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಗುಡಿ, ಶಹಾಬಜಾರ, ಬ್ರಹ್ಮಪುರಗಳ ಸುತ್ತ ಬೆಳೆದದ್ದು. ಸ್ಟೇಶನ್ ಬಜಾರಕ್ಕೆ ಅಂಥ ಕುಲಮೂಲವಿಲ್ಲ. ಬೊಂಬಾಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ ಈ ಊರನ್ನು ಹಾದುಹೋಗಿ, 1871ರಲ್ಲಿ ರಾಯಚೂರಿನ ಬಳಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. ನಿಲ್ದಾಣ ಮೊದಲು ಬಂತು, ಜನ ಆಮೇಲೆ ಬಂದರು. ಆದ್ದರಿಂದ ಈ ಪೇಟೆಯಲ್ಲಿ 'ಮೂಲನಿವಾಸಿ' ಎಂಬ ಪದಕ್ಕೆ ಹೆಚ್ಚು ಅರ್ಥವಿಲ್ಲ. ಇಲ್ಲಿಯವರೆಲ್ಲರೂ ಒಂದಲ್ಲ ಒಂದು ದಿನ ಗಂಟುಮೂಟೆಯೊಡನೆ ಇಳಿದವರ ಸಂತತಿಯೇ.

ಹಾಗೆ ನೋಡಿದರೆ ಹಳೆಯ ಊರಿನ ಹೆಮ್ಮೆಯೂ ಪೂರ್ಣ ನಿಲ್ಲುವುದಿಲ್ಲ. 1347ರಲ್ಲಿ ಬಹಮನಿ ಅರಸರು ಇಲ್ಲಿ ರಾಜಧಾನಿ ಮಾಡಿದಾಗ ಅವರೊಡನೆ ಉತ್ತರದಿಂದಲೂ ಕಡಲಾಚೆಯಿಂದಲೂ ಜನ ಬಂದು ನೆಲೆಸಿದರು. ಖ್ವಾಜಾ ಬಂದೇನವಾಜರು ಇಳಿವಯಸ್ಸಿನಲ್ಲಿ ದಿಲ್ಲಿಯನ್ನು ಬಿಟ್ಟು ಬಂದವರು. 1422ರಲ್ಲಿ ಇಲ್ಲಿಯೇ ತೀರಿಕೊಂಡರು. ಇಂದು ಅವರಿಲ್ಲದ ಕಲಬುರಗಿಯನ್ನು ಯಾರೂ ಊಹಿಸಲಾರರು. ಹೊರಗಿನವನು ಊರಿನವನಾಗಲು ಎಷ್ಟು ತಲೆಮಾರು ಬೇಕು ಎಂಬ ಪ್ರಶ್ನೆಗೆ ಚರಿತ್ರೆ ಒಂದೇ ಉತ್ತರ ಕೊಡುವುದಿಲ್ಲ.

ನಿಜಾಮರ ಕಾಲದಲ್ಲಿ ಗುಲ್ಬರ್ಗಾ ಒಂದು ಸುಬೆಯ ಕೇಂದ್ರವಾಯಿತು. ಕಚೇರಿಗಳಿಗೆ ಉರ್ದು ಬಲ್ಲ ನೌಕರರು ಬಂದರು. ಹತ್ತಿಯ ವ್ಯಾಪಾರ ಬೆಳೆದು ಮೆಹಬೂಬ್ ಶಾಹಿ ಗಿರಣಿ ಎದ್ದಿತು. ಸುತ್ತಲಿನ ಹಳ್ಳಿಗಳಿಂದ ಒಕ್ಕಲು ಕಳೆದುಕೊಂಡವರು ಅದರ ನೆರಳಿಗೆ ಬಂದರು. 1876ರಿಂದ 78ರವರೆಗಿನ ಮಹಾಕ್ಷಾಮ ಈ ಸೀಮೆಯನ್ನು ಹೇಗೆ ಹಿಂಡಿತೆಂಬುದನ್ನು ನೆನೆದರೆ, ನಿಲ್ದಾಣದ ಕಡೆಗೆ ನಡೆದುಬಂದವರಲ್ಲಿ ಎಲ್ಲರೂ ಆಸೆಯಿಂದ ಬಂದವರಲ್ಲ ಎಂಬುದು ತಿಳಿಯುತ್ತದೆ. 1901ರ ಜನಗಣತಿಯ ವೇಳೆಗೆ ಊರಿನ ಜನಸಂಖ್ಯೆ ಸುಮಾರು 29 ಸಾವಿರ. 2011ರಲ್ಲಿ ಅದು ಐದು ಲಕ್ಷವನ್ನು ಮೀರಿತ್ತು.

ಕ್ರೈಸ್ತ ಸಭೆಯೂ ಹಳಿಯ ಗುಂಟವೇ ಬಂದದ್ದು. 1870ರ ದಶಕದಲ್ಲಿ ಅಮೇರಿಕದ ಮೆಥೊಡಿಸ್ಟ್ ಸುವಾರ್ತಿಕ ವಿಲಿಯಂ ಟೇಲರ್ ಬೊಂಬಾಯಿ, ಪುಣೆ, ಸಿಕಂದರಾಬಾದ್, ಬೆಂಗಳೂರುಗಳಲ್ಲಿ ಕಟ್ಟಿದ ಸ್ವಾವಲಂಬಿ ಸಭೆಗಳು ಮೊದಲು ಯುರೋಪಿಯನ್ನರ ಮತ್ತು ಆಂಗ್ಲೋ-ಇಂಡಿಯನ್ನರ ಸಭೆಗಳು. ಅವರಲ್ಲಿ ಅನೇಕರು ರೈಲ್ವೆಯ ಅನ್ನ ಉಂಡವರು. ಅಲ್ಲಿಂದ ಮುಂದೆ ಮೆಥೊಡಿಸ್ಟ್ ಸೇವೆ ಕನ್ನಡದ ಹಳ್ಳಿಗಳನ್ನು, ವಿಶೇಷವಾಗಿ ಬೀದರ್ ಸೀಮೆಯ ದಲಿತ ಕೇರಿಗಳನ್ನು, ಮುಟ್ಟಿತು. ನಮ್ಮ ಸಭಾಚರಿತ್ರೆಗಳು ಮಿಷನರಿಗಳ ಎತ್ತಿನ ಗಾಡಿಯನ್ನು ಬಹಳ ವರ್ಣಿಸುತ್ತವೆ, ಟಿಕೆಟ್ಟನ್ನು ಅಷ್ಟಾಗಿ ವರ್ಣಿಸುವುದಿಲ್ಲ. ಆದರೆ ಊರಿನ ಸಭೆಯ ಆದಿ ಸದಸ್ಯರು ಪರಸ್ಥಳದವರು, ಬಾಡಿಗೆ ಮನೆಯವರು, ಯಾವಾಗ ವರ್ಗವಾಗುವುದೋ ತಿಳಿಯದವರು ಎಂಬುದು ಸಣ್ಣ ಸಂಗತಿಯಲ್ಲ. ಆದಿಸಭೆಯು ತನ್ನನ್ನು ಕರೆದುಕೊಂಡ ಹೆಸರುಗಳಲ್ಲೊಂದು ಇದೇ. ಒಂದನೆಯ ಶತಮಾನದ ಕೊನೆಯಲ್ಲಿ ರೋಮಿನಿಂದ ಕೊರಿಂಥಕ್ಕೆ ಹೋದ ಕ್ಲೆಮೆಂತನ ಪತ್ರವು, ಆ ಪಟ್ಟಣದಲ್ಲಿ ಪರವಾಸಿಯಾಗಿರುವ ದೇವರ ಸಭೆ ಎಂಬ ಅರ್ಥದ ಮಾತಿನಿಂದ ತೊಡಗುತ್ತದೆ. ಅಲ್ಲಿಯ ಕ್ರಿಯಾರೂಪಕ್ಕೆ ಸಂಬಂಧಿಸಿದ 'ಪರೋಯ್ಕಿಯ' ಎಂಬ ಗ್ರೀಕ್ ಪದವೇ ಇಂಗ್ಲಿಷಿನ 'ಪ್ಯಾರಿಶ್' ಆಯಿತು. ಹಕ್ಕಿಲ್ಲದವರ ತಂಗುದಾಣ ಎಂದಿದ್ದ ಪದ ಈಗ ಗಡಿ, ಕಟ್ಟಡ, ಆಸ್ತಿಪತ್ರಗಳುಳ್ಳ ಸಂಸ್ಥೆಯ ಹೆಸರು.

1948ನ್ನು ಬಿಟ್ಟು ಈ ಪೇಟೆಯ ಕಥೆ ಹೇಳಲಾಗದು. ರಜಾಕಾರರ ಹಾವಳಿಯಲ್ಲಿ ಅನೇಕ ಕುಟುಂಬಗಳು ಗಡಿ ದಾಟಿ ಓಡಿದವು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತರುವಾಯ ನಡೆದ ಹಿಂಸೆಯಲ್ಲಿ ಮುಸಲ್ಮಾನರು ಅತಿಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ ಒಂದೆಂದು ಪಂಡಿತ ಸುಂದರಲಾಲ ಸಮಿತಿ ವರದಿ ಮಾಡಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಹೊರಟವರ ಮನೆಗಳು ಖಾಲಿ ನಿಲ್ಲುವುದಿಲ್ಲ. ಯಾವ ಮನೆಗೆ ಯಾರು ಬಂದರೆಂಬುದನ್ನು ಕೇಳದೆ ಉಳಿಯುವುದು ನೆರೆಹೊರೆಯ ಶಾಂತಿಯ ಒಂದು ಬೆಲೆಯೆಂದು ತೋರುತ್ತದೆ. ಆ ಬೆಲೆಯನ್ನು ಮತ್ತೆ ಮತ್ತೆ ತೆತ್ತವರು ಮಾತ್ರ ಹೆಚ್ಚಾಗಿ ಒಂದೇ ಕಡೆಯವರು.

ಈಗ ಕಮಲಾಪುರದ ಕಡೆ ನೋಡೋಣ. ಕೆಂಪು ಬಾಳೆಗೆ ಹೆಸರಾದ ಈ ಸೀಮೆಯ ಸುತ್ತ ಲಂಬಾಣಿ ತಾಂಡಾಗಳು ಹಲವು. ಲಂಬಾಣಿಗರು ಹೇರೆತ್ತುಗಳ ಮೇಲೆ ಧಾನ್ಯ, ಉಪ್ಪುಗಳನ್ನು ದಕ್ಖನಿನ ಉದ್ದಗಲಕ್ಕೆ ಸಾಗಿಸುತ್ತಿದ್ದವರು. ಸ್ಟೇಶನ್ ಬಜಾರವನ್ನು ಹುಟ್ಟಿಸಿದ ರೈಲೇ ಅವರ ಕಸುಬನ್ನು ಕಿತ್ತುಕೊಂಡಿತು. ಹಳಿಗಳು ಕೂಡಿದ ಅದೇ 1871ರಲ್ಲಿ ಬ್ರಿಟಿಷ್ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತು. ಬೇರೆ ಬೇರೆ ಪ್ರಾಂತಗಳಲ್ಲಿ ಲಂಬಾಣಿಗರೂ ಅದರ ನೆರಳಿಗೆ ಸಿಕ್ಕಿದರು. ನೆಲೆಯಿಲ್ಲದೆ ನಡೆಯುವುದು ಅವರ ಜೀವನೋಪಾಯವಾಗಿತ್ತು, ಈಗ ಅದೇ ಅಪರಾಧದ ಗುರುತಾಯಿತು. ಅವರ ಮೊಮ್ಮಕ್ಕಳ ಮಕ್ಕಳು ಇಂದು ಸುಗ್ಗಿ ಮುಗಿದ ಮೇಲೆ ಕಲಬುರಗಿ ನಿಲ್ದಾಣದಲ್ಲಿ ಕೂಸು, ಪಾತ್ರೆ, ಹೊದಿಕೆಗಳೊಡನೆ ಪುಣೆ, ಮುಂಬಯಿಗಳ ಗಾಡಿಗಾಗಿ ಕಾಯುತ್ತಾರೆ. ಅಲ್ಲಿ ಅವರು ಕಟ್ಟುವುದು ತಾವು ಎಂದೂ ವಾಸಿಸದ ಮನೆಗಳನ್ನು. ಹೀಗೆ ಸ್ಟೇಶನ್ ಬಜಾರ ಬರುವವರ ಪೇಟೆಯಷ್ಟೇ ಅಲ್ಲ, ಹೋಗುವವರ ಪೇಟೆಯೂ ಹೌದು. 2017ರಲ್ಲಿ ತೆರೆದ ಬೀದರ್–ಕಲಬುರಗಿ ಮಾರ್ಗ ಕಮಲಾಪುರಕ್ಕೂ ರೈಲನ್ನು ತಂದಿದೆ.

ದುಡಿಯುವವರ ಓಣಿಗೆ ಉಳ್ಳವರು ಬಂದು, ಬಾಡಿಗೆ ಏರಿ, ಮೊದಲಿನವರು ಹೊರಬೀಳುವ ಕ್ರಿಯೆಗೆ 'ಜೆಂಟ್ರಿಫಿಕೇಶನ್' ಎಂಬ ಹೆಸರನ್ನು 1964ರಲ್ಲಿ ಲಂಡನ್ನಿನ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ ಕೊಟ್ಟರು. ಆಕೆ ಜರ್ಮನಿಯಿಂದ ಬಂದು ನೆಲೆಸಿದ ಯೆಹೂದ್ಯಳು; ಮೋವಾಬಿನ ರೂತಳ ಹೆಸರು ಆಕೆಗೆ ಸಲ್ಲುತ್ತದೆ. ಆದರೆ ಲಂಡನ್ನಿನ ಪದವನ್ನು ಕಲಬುರಗಿಗೆ ಹಾಗೆಯೇ ಹೊದಿಸುವುದು ತಪ್ಪು. ಅಲ್ಲಿ ಹಳೆಯ ಮನೆಗಳನ್ನು ಅಂದಗೊಳಿಸಿ ಸಿರಿವಂತರು ವಾಸಕ್ಕೆ ಬಂದರು. ಇಲ್ಲಿ ಹಳೆಯ ಶಹಾಬಾದಿ ಕಲ್ಲಿನ ಮನೆ ಕೆಡವಲ್ಪಟ್ಟು, ನೆಲಮಾಳಿಗೆಯಲ್ಲಿ ಅಂಗಡಿ, ಮೇಲೆ ವಸತಿಗೃಹ ಏಳುತ್ತದೆ. ಬಾಡಿಗೆದಾರ ವರ್ತುಲ ರಸ್ತೆಯಾಚೆ ಹೋಗುತ್ತಾನೆ. ಕಾರಣಗಳೂ ಹೆಚ್ಚಾಗಿ ಸರಕಾರಿ ಸ್ವರೂಪದವು: 1956ರ ಏಕೀಕರಣದಿಂದ ವಿಭಾಗ ಕೇಂದ್ರ, 1980ರಲ್ಲಿ ವಿಶ್ವವಿದ್ಯಾಲಯ, 2008ರಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ, ಮುಂದೆ 371ಜೆ ವಿಧಿಯ ಅನುದಾನಗಳು, 2019ರಲ್ಲಿ ವಿಮಾನ ನಿಲ್ದಾಣ. ಇವೆಲ್ಲ ಹಿಂದುಳಿದ ಸೀಮೆ ನ್ಯಾಯವಾಗಿ ಕೇಳಿ ಪಡೆದವು. ನ್ಯಾಯವಾಗಿ ಬಂದದ್ದೂ ನೆಲದ ಬೆಲೆಯನ್ನು ಏರಿಸಿ ಬಡವನನ್ನು ಹೊರದೂಡಬಲ್ಲದು ಎಂಬುದೇ ಇಲ್ಲಿಯ ತೊಡಕು. ಗಿರಣಿಯ ಕೂಗು ನಿಂತುಹೋಗಿದೆ, 'ಎಂ.ಎಸ್.ಕೆ. ಮಿಲ್' ಎಂಬುದು ಬಡಾವಣೆಯ ವಿಳಾಸವಾಗಿ ಉಳಿದಿದೆ.

ಈ ತೊಡಕಿನ ನಡುವೆ ಸಭೆಯ ನೆಲವೂ ಇದೆ. ನಮ್ಮ ಉತ್ತರದ ಪಟ್ಟಣಗಳಲ್ಲಿ ಮಿಷನ್ ಕಂಪೌಂಡುಗಳು ಊರ ಹೊರಗೆ, ಅಗ್ಗದ ಬಯಲಿನಲ್ಲಿ ಎದ್ದವು. ಊರು ಬೆಳೆದು ಆ ಬಯಲು ನಟ್ಟನಡುವಿಗೆ ಬಂದಿದೆ. ಪರವಾಸಿಗಳ ಸಭೆ ತಾನು ಬೇಡದೆಯೇ ಬೆಲೆಬಾಳುವ ನೆಲದ ಒಡೆಯನಾಗಿದೆ. ಗೋಡೆಯ ರಸ್ತೆಬದಿಗೆ ಮಳಿಗೆಗಳನ್ನು ಕಟ್ಟಿ ಬಾಡಿಗೆಗೆ ಕೊಡುವ ಯೋಜನೆ ಎಲ್ಲ ಆಡಳಿತ ಸಮಿತಿಗಳಿಗೂ ಪರಿಚಿತವೇ. ಪಾಳಕರ ಸಂಬಳ, ಶಾಲೆಯ ಛಾವಣಿ ಎಂಬ ಕಾರಣಗಳು ಸುಳ್ಳಲ್ಲ. ಆದರೂ ಆ ಗೋಡೆಗೆ ಒರಗಿ ಚಪ್ಪಲಿ ಹೊಲಿಯುವವನನ್ನು ಎಬ್ಬಿಸುವ ದಿನ, ನಾಬೋತನ ದ್ರಾಕ್ಷಿತೋಟದ ಕಥೆಯಲ್ಲಿ ನಮ್ಮ ಪಾತ್ರ ಯಾವುದೆಂದು ಕೇಳಬೇಕಾಗುತ್ತದೆ. ಅಹಾಬನು ಮೊದಲು ಕೇಳಿದ್ದು ಕ್ರಯಕ್ಕೇ, ಒಳ್ಳೆಯ ಬದಲಿ ತೋಟವನ್ನೂ ಮುಂದಿಟ್ಟಿದ್ದ (1 ಅರಸುಗಳು 21). ಮಾರುಕಟ್ಟೆಯ ಭಾಷೆಯಲ್ಲಿ ಅದು ಉದಾರ ಬೆಲೆ. ನಾಬೋತನ ನಿರಾಕರಣೆ ಬೆಲೆಯ ಕುರಿತಾದದ್ದಲ್ಲ, ಪಿತ್ರಾರ್ಜಿತದ ಕುರಿತಾದದ್ದು.

ಬಾಬೆಲಿನ ಸೆರೆವಾಸಿಗಳಿಗೆ ಯೆರೆಮೀಯನು ಮನೆ ಕಟ್ಟಿ, ತೋಟ ನೆಟ್ಟು, ಆ ಪಟ್ಟಣದ ಕ್ಷೇಮವನ್ನು ಹಾರೈಸಲು ಬರೆದ ಪತ್ರವನ್ನು (29ನೆಯ ಅಧ್ಯಾಯ) ನಾವು ನಗರ ಸೇವೆಯ ಉಪದೇಶಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಮೂರು ಅಧ್ಯಾಯಗಳ ಮುಂದೆ ಅದೇ ಪ್ರವಾದಿ, ಮುತ್ತಿಗೆಗೆ ಸಿಕ್ಕಿದ ಯೆರೂಸಲೇಮಿನಲ್ಲಿ, ಕಾರಾಗೃಹದ ಅಂಗಳದಿಂದ, ಅನಾತೋತಿನ ಹೊಲವನ್ನು ಕೊಳ್ಳುತ್ತಾನೆ. ಬೆಳ್ಳಿ ತೂಗಿ, ಸಾಕ್ಷಿಗಳ ಎದುರು ಪತ್ರಕ್ಕೆ ಮುದ್ರೆ ಹಾಕಿ, ಅದನ್ನು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಕೊನೆಗೆ ಹೊರದೂಡಲ್ಪಡುವವರ ಹೆಸರಿನಲ್ಲಿ ಕಾಗದವೊಂದು ಉಳಿಯಬೇಕೆಂಬುದು ಅವನ ಛಲ.

2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ ಸುಮಾರು 50 ಸಾವಿರ ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆ ನಡೆಯಿತು. ತಲೆಮಾರುಗಳಿಂದ ತಾಂಡಾದಲ್ಲಿ ಒಲೆ ಹೊತ್ತಿಸಿದವರಿಗೆ ಆ ಒಲೆಯ ನೆಲ ಕಾಗದದ ಮೇಲೆ ತಮ್ಮದಾಯಿತು. ಅದರಲ್ಲಿ ರಾಜಕೀಯವಿರಲಿಲ್ಲವೆಂದು ಯಾರೂ ಹೇಳರು. ಹಕ್ಕುಪತ್ರ ಅದರಿಂದ ಹಗುರವಾಗುವುದೂ ಇಲ್ಲ. ಆದರೆ ಸ್ಟೇಶನ್ ಬಜಾರದ ಹಿಂದಿನ ಓಣಿಗಳಲ್ಲಿ ಬಾಡಿಗೆಗೆ ಇರುವ ಹಮಾಲರಿಗೂ, ಮನೆಗೆಲಸದ ಹೆಂಗಸರಿಗೂ ಅಂಥ ಕಾಗದವನ್ನು ಕೊಡುವ ಯೋಜನೆ ಯಾವುದೂ ಇಲ್ಲ. ತಿಂಗಳ ಮೊದಲ ವಾರದಲ್ಲಿ ಬಾಯಿಮಾತಿನಲ್ಲಿ ನವೀಕರಣಗೊಳ್ಳುವುದಷ್ಟೇ ಅವರ ಒಪ್ಪಂದ.