ತಲಪಾಡಿಯ ಗಡಿ ಮತ್ತು ಅಧಿಕಾರಿಗಳ ಪ್ರಶ್ನೆ

1956ರ ನವೆಂಬರ್ 1ರ ತನಕ ತಲಪಾಡಿಯಲ್ಲಿ ರಾಜ್ಯದ ಗಡಿಯೆಂಬುದೇ ಇರಲಿಲ್ಲ. ಕಾಸರಗೋಡು ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಕೋರ್ಟು, ಕಾಲೇಜು, ಮದುವೆಯ ಜವಳಿ ಎಲ್ಲಕ್ಕೂ ನಮ್ಮ ಹಿರಿಯರು ಹೋಗುತ್ತಿದ್ದುದು ಜಿಲ್ಲಾಕೇಂದ್ರವಾದ ಮಂಗಳೂರಿಗೆ. ರಾಜ್ಯ ಪುನರ್ವಿಂಗಡಣೆಯಲ್ಲಿ ತಾಲೂಕು ಕೇರಳದ ಪಾಲಾಯಿತು. ಚಂದ್ರಗಿರಿಯ ಉತ್ತರಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಕಡತದಲ್ಲೇ ಉಳಿಯಿತು. ನಾವು ಹೋಗುವ ಊರು ಬದಲಾಗಲಿಲ್ಲ. ದಾರಿಯ ನಡುವೆ ಅಧಿಕಾರಿಗಳು ಬಂದು ನಿಂತರು.

ಅವರ ಮೊದಲ ಪ್ರಶ್ನೆ ನಮಗೆ ನೆನಪಿರುವಂತೆ ಅಕ್ಕಿಯದು. 1964ರ ಅಭಾವಕಾಲದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಅಕ್ಕಿ ಸಾಗಿಸಲು ನಿರ್ಬಂಧವಿತ್ತು. ಅಜ್ಜಿಮನೆಯಿಂದ ಬಸ್ಸಿನಲ್ಲಿ ಮರಳುವಾಗ ತಾಯಿಯವರ ಗಂಟಿನಲ್ಲಿ ನಾಲ್ಕು ಸೇರು ಕುಚ್ಚಲಕ್ಕಿಯಿತ್ತು. "ಅಮ್ಮ ಮಗಳಿಗೆ ಕೊಟ್ಟದ್ದು ಸ್ವಾಮೀ" ಎಂದರು ತಾಯಿ. ಅಧಿಕಾರಿ ಒಂದು ಕ್ಷಣ ಯೋಚಿಸಿ, ಅರ್ಧ ಇಳಿಸಿಕೊಂಡು ಅರ್ಧ ಬಿಟ್ಟರು. ಅರ್ಧದ ಮಾತು ಯಾವ ಕಾನೂನಿನಲ್ಲಿತ್ತೋ!

ಮುಂದಿನ ದಶಕಗಳಲ್ಲಿ ಪ್ರಶ್ನೆ ಮಾರಾಟ ತೆರಿಗೆಯದಾಯಿತು. ಮಂಜೇಶ್ವರದಲ್ಲಿ ಲಾರಿಗಳ ಸಾಲು ನಿಲ್ಲುತ್ತಿದ್ದುದನ್ನು ಕಾಣದವರಿಲ್ಲ. ಕೇರಳಕ್ಕೆ ಬರುವ ಕೋಳಿಗೂ ತೆರಿಗೆಯಿದ್ದುದರಿಂದ ಒಳದಾರಿಯಲ್ಲಿ ಕೋಳಿ ಸಾಗಿಸುವವರೂ ಇದ್ದರು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಆ ಸಾಲು ಕರಗಿತು.

ಭಾಷೆಯ ವಿಷಯದಲ್ಲಿ ಮಾತ್ರ ನಮ್ಮವರು ಅನಗತ್ಯವಾಗಿ ಅಂಜುತ್ತಾರೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಂತೆ ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು. ಈ ಹಕ್ಕನ್ನು ಬಳಸುವವರು ಎಷ್ಟು ಮಂದಿ?

ಗಡಿಯ ನಿಜವಾದ ಅರ್ಥ ತಿಳಿದದ್ದು 2020ರ ಮಾರ್ಚಿನಲ್ಲಿ. ಕೊರೋನಾ ಭೀತಿಯಿಂದ ಕರ್ನಾಟಕವು ಗಡಿಯನ್ನು ಮುಚ್ಚಿತು; ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ವಾರಕ್ಕೆರಡು ಸಲ ಡಯಾಲಿಸಿಸ್ಸಿಗೆ ಮಂಗಳೂರಿಗೆ ಹೋಗುತ್ತಿದ್ದ ನಮ್ಮ ಅಣ್ಣನವರನ್ನು ಕರೆದುಕೊಂಡು ತಡೆಬೇಲಿಯ ತನಕ ಹೋದೆವು. ಅಲ್ಲಿದ್ದ ಯುವಕ ಸಭ್ಯನೇ. "ನಿಮ್ಮ ಕನ್ನಡ ಚೆನ್ನಾಗಿದೆ ಸಾರ್, ಆದರೆ ಆಧಾರ್ ಕಾರ್ಡಿನಲ್ಲಿ ಕೇರಳ ಅಂತ ಇದೆಯಲ್ಲ" ಎಂದ. ಮೂವತ್ತೈದು ವರ್ಷ ಕನ್ನಡ ಕಲಿಸಿದ ನಮಗೆ ಮರುಮಾತು ಹೊಳೆಯಲಿಲ್ಲ. ತುರ್ತು ಚಿಕಿತ್ಸೆಗೆ ಹೋಗುವವರನ್ನು ತಡೆಯಬಾರದೆಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟು ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲ್ 7ರ ವೇಳೆಗೆ ತಲಪಾಡಿಯಲ್ಲಿ ತುರ್ತು ರೋಗಿಗಳನ್ನು ಬಿಡುವ ಏರ್ಪಾಡು ಒಪ್ಪಿತವಾಯಿತು. ಅಷ್ಟರೊಳಗೆ ಅಣ್ಣನವರಿಗೆ ಕಾಸರಗೋಡಿನಲ್ಲೇ ಹೇಗೋ ವ್ಯವಸ್ಥೆಯಾಗಿತ್ತು. ಆ ದಿನಗಳಲ್ಲಿ ದಾರಿ ಕಾಣದೆ ತೀರಿಕೊಂಡವರ ಮನೆಗಳು ನಮ್ಮ ಸುತ್ತ ಇವೆ. 2021ರಲ್ಲಿ ಅದೇ ಜಾಗದಲ್ಲಿ ಎಪ್ಪತ್ತೆರಡು ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಕೇಳಿದರು.

ಈಗ ಅಬಕಾರಿಯವರು ಮದ್ಯ ಹುಡುಕುತ್ತಾರೆ. ಕರ್ನಾಟಕದ ಬಾಟಲಿ ಕೇರಳದೊಳಗೆ ಕಳ್ಳಮಾಲು. ಚುನಾವಣೆಯ ಕಾಲದಲ್ಲಿ ದಾಖಲೆಯಿಲ್ಲದೆ 50,000 ರೂಪಾಯಿಗಿಂತ ಹೆಚ್ಚು ನಗದು ಒಯ್ದರೆ ಮುಟ್ಟುಗೋಲಾಗುವುದುಂಟು. ಮಂಗಳೂರಿನಲ್ಲಿ ವಾಹನ ಕೊಂಡ ಮಕ್ಕಳು ಅದನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಯೇ ಇಟ್ಟುಕೊಂಡರೆ ಕೇರಳದ ನೋಂದಣಿ ಮಾಡಿಸಬೇಕು. ಅಣ್ಣನವರ ಕೈಚೀಲದಲ್ಲಿ ಆಸ್ಪತ್ರೆಯ ಚೀಟಿಯೊಂದಿಗೆ 2020ರ ಆ ಪಾಸು ಇನ್ನೂ ಇದೆ, ಬಿಸಾಡಲು ಬಿಡುವುದಿಲ್ಲ.