ವತನ ಹೋಯಿತು, ಹೆಸರು ಉಳಿಯಿತು

ವಿಜಯಪುರದ ಕಡೆ ಯಾರನ್ನಾದರೂ ಪೂರ್ಣ ಹೆಸರು ಕೇಳಿದರೆ ಉತ್ತರದಲ್ಲಿ ಮೂರು ಭಾಗಗಳಿರುತ್ತವೆ: ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಹಳೆಯ ಮೈಸೂರಿನಲ್ಲಿ ಊರು ಮತ್ತು ತಂದೆಯ ಹೆಸರುಗಳು ಎರಡು ಇನಿಷಿಯಲ್‌ಗಳಲ್ಲಿ ಅಡಗಿರುತ್ತವೆ. 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ವಿಜಯಪುರ ಜಿಲ್ಲೆಯಲ್ಲಿ ಮುಂಬಯಿಯ ರೂಢಿಯೇ ಗಟ್ಟಿಯಾಗಿ ನಿಂತಿದೆ.

ಇಂದು ತಾಲ್ಲೂಕು ಕೇಂದ್ರಗಳಾಗಿರುವ ತಿಕೋಟಾ, ಬಬಲೇಶ್ವರಗಳ ಸುತ್ತಲಿನ ಹಳ್ಳಿಗಳಲ್ಲಿ ಕೇಳಿಬರುವ ಅಡ್ಡಹೆಸರುಗಳನ್ನು ಒಂದೆಡೆ ಬರೆದು ನೋಡಬೇಕು. ಪಾಟೀಲ, ಕುಲಕರ್ಣಿ, ತಳವಾರ, ವಾಲೀಕಾರ, ಬಡಿಗೇರ, ಕುಂಬಾರ, ಹಡಪದ, ಮುಜಾವರ, ನದಾಫ. ಇದು ಹಳೆಯ ಹಳ್ಳಿಯೊಂದರ ಹಾಜರಿ ಪಟ್ಟಿಯಂತೆಯೇ ಇದೆ. ಶಾಸನಗಳ 'ಪಟ್ಟಕಿಲ'ನೇ ಪಾಟೀಲನಾದ. ಕಂದಾಯ ವಸೂಲಿ, ಊರ ಜಗಳಗಳ ತೀರ್ಮಾನ ಆತನ ಕೆಲಸ. ಕುಳಗಳ ಲೆಕ್ಕ ಇಡುವ ಕರಣಿಕ ಕುಲಕರ್ಣಿಯಾದ. ತಳವಾರನದು ಕಾವಲು. ಹತ್ತಿ ಹಿಂಜುವವನಿಗೆ ಅರಬ್ಬಿ ಭಾಷೆಯ ಹೆಸರು ನದಾಫ. ಊರು ಬಿಟ್ಟು ಹೋದವರಿಗೆ ಮಾತ್ರ ಊರೇ ಅಡ್ಡಹೆಸರಾಯಿತು. ಬಬಲೇಶ್ವರ ಎಂಬ ಅಡ್ಡಹೆಸರಿನ ಮನೆತನಗಳು ಬೇರೆ ಊರುಗಳಲ್ಲಿ ಸಿಗುವುದು ಇದರಿಂದಲೇ. ಬಬಲೇಶ್ವರದೊಳಗೇ ಆ ಹೆಸರಿನಿಂದ ಯಾರ ಗುರುತೂ ಸಿಗದು.

1490ರಿಂದ 1686ರವರೆಗೆ ಇಲ್ಲಿ ಆಳಿದ ಆದಿಲ್‌ಶಾಹಿಗಳ ಕಾಲ ಈ ಪಟ್ಟಿಗೆ ಇನ್ನೊಂದು ಪದರು ಸೇರಿಸಿತು. ಪಾರಸಿಯ 'ದಾರ' ಎಂದರೆ ಹೊಂದಿದವನು. ಇನಾಮು ಹೊಂದಿದವನು ಇನಾಮದಾರ, ಕಿಲ್ಲೆಯ ಹೊಣೆ ಹೊತ್ತವನು ಕಿಲ್ಲೇದಾರ. ಆದರೆ 1534ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಇಬ್ರಾಹಿಂ ಆದಿಲ್‌ಶಾಹ ಲೆಕ್ಕಪತ್ರಗಳಿಂದ ಪಾರಸಿಯನ್ನು ತೆಗೆದು, ದೇಶಭಾಷೆ ಬಲ್ಲ ಬ್ರಾಹ್ಮಣ ಕರಣಿಕರಿಗೆ ಆ ಕೆಲಸ ಒಪ್ಪಿಸಿದನೆಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಹೀಗೆ ಹಳೆಯ ಹುದ್ದೆಗಳು ಅಳಿಯದೆ ಹೊಸ ಹುದ್ದೆಗಳ ಜೊತೆ ಬಾಳಿದವು.

ಈ ಹೆಸರುಗಳಿಂದ ಜಾತಿ ಊಹಿಸಲು ಹೊರಟವರು ಎಡವುವುದು ಇಲ್ಲಿಯೇ. ಪಾಟೀಲರಲ್ಲಿ ಲಿಂಗಾಯತರಿದ್ದಾರೆ, ಜೈನರಿದ್ದಾರೆ, ಮರಾಠರಿದ್ದಾರೆ, ಮುಸಲ್ಮಾನರೂ ಇದ್ದಾರೆ. ಇನಾಮದಾರರ ವಿಷಯವೂ ಹೀಗೆಯೇ. ಗೌಡಕಿ ಯಾವ ಮನೆಗೆ ಬಂದಿತೋ ಆ ಮನೆ ಪಾಟೀಲರ ಮನೆಯಾಯಿತು. ಕುಂಬಾರ, ಬಡಿಗೇರರ ಹಾಗೆ ಕಸುಬೂ ಜಾತಿಯೂ ಒಂದೇ ಆದ ಹೆಸರುಗಳುಂಟು, ಎಲ್ಲವೂ ಹಾಗಲ್ಲ.

ಹುದ್ದೆಗಳು ವಂಶಪಾರಂಪರ್ಯವಾಗಿ ಬರುತ್ತಿದ್ದುದರಿಂದ ಹೆಸರೂ ವಂಶಕ್ಕೆ ಅಂಟಿತು. 1950ರ ಮುಂಬಯಿ ಕಾಯ್ದೆ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ತೆಗೆದುಹಾಕಿತು. 1963ರ ಫೆಬ್ರುವರಿ 1ರಂದು ಜಾರಿಗೆ ಬಂದ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಉಳಿದವೂ ಹೋದವು. ದಫ್ತರು ಸರಕಾರದ ಸಂಬಳದವರ ಕೈಗೆ ಹೋಯಿತು. ಶಾಲೆಯ ದಾಖಲೆಯಲ್ಲಿ ಮಾತ್ರ ಪಾಟೀಲ ಪಾಟೀಲನಾಗಿಯೇ, ತಳವಾರ ತಳವಾರನಾಗಿಯೇ ಉಳಿದರು.

ಇದು ಬರೀ ಕುತೂಹಲದ ಸಂಗತಿಯಲ್ಲ. 2020ರಲ್ಲಿ ಸಂಸತ್ತು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ 'ನಾಯಕ'ದ ಪರ್ಯಾಯ ಪದಗಳಾಗಿ 'ತಳವಾರ', 'ಪರಿವಾರ'ಗಳನ್ನು ಸೇರಿಸಿತು. ಆದರೆ ತಳವಾರಿಕೆ ಮಾಡಿದವರು ಒಂದೇ ಸಮುದಾಯದವರಲ್ಲ. ಹೆಸರಿನ ತಳವಾರರಾರು, ಪಂಗಡದ ತಳವಾರರಾರು ಎಂಬ ಪ್ರಶ್ನೆ ವಿಜಯಪುರ, ಕಲಬುರಗಿ ಜಿಲ್ಲೆಗಳಲ್ಲಿ ವಿವಾದವಾಗಿ ಬೆಳೆಯಿತು. ಮಕ್ಕಳ ಓದು, ನೌಕರಿ ಆ ಒಂದು ಪ್ರಮಾಣಪತ್ರವನ್ನು ಅವಲಂಬಿಸಿರುವಾಗ, ಮುತ್ತಜ್ಜ ಊರ ಕಾವಲಿಗೆ ನಿಂತಿದ್ದನೆಂಬುದು ಮನೆಮಂದಿಗೆಲ್ಲ ದೊಡ್ಡ ಮಾತಾಗುತ್ತದೆ. ಅರ್ಜಿ ಹೋಗುವುದು ತಹಶೀಲ್ದಾರರ ಕಚೇರಿಗೆ. ಹಳೆಯ 'ದಾರ'ಗಳ ಪೈಕಿ ಹೆಸರಿನ ಜೊತೆ ಅಧಿಕಾರವನ್ನೂ ಉಳಿಸಿಕೊಂಡಿರುವ ಹುದ್ದೆ ಅದು.