ಹೊಗೆಯಿಲ್ಲದ ಒಲೆಯ ಕಥೆ

ನಮ್ಮ ಸಾಹಿತ್ಯದಲ್ಲಿ ಅಡುಗೆಗೆ ದೊರೆತ ಗೌರವ ಒಲೆಗೆ ದೊರೆತಿಲ್ಲ. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನು ತನ್ನ 'ಲೋಕೋಪಕಾರ'ದಲ್ಲಿ ಪಾಕವಿದ್ಯೆಗೆ ಸ್ಥಾನ ಕೊಟ್ಟ; 16ನೆಯ ಶತಮಾನದ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಗ್ರಂಥವನ್ನೇ ರಚಿಸಿದ. ನಳಪಾಕ, ಭೀಮಪಾಕಗಳ ಹೆಸರಂತೂ ಮನೆಮಾತು. ಆದರೆ ಆ ಪಾಕ ಸಿದ್ಧವಾಗುವಾಗ ಊದುಗೊಳವೆ ಹಿಡಿದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕುಳಿತಿದ್ದವಳ ಕಡೆಗೆ ಕವಿಗಳ ಗಮನ ಹರಿದದ್ದು ಕಡಿಮೆ. ಅವಳ ಕಣ್ಣೀರು ಹೊಗೆಯಿಂದ ಬಂದದ್ದು. ಕರುಣರಸದ ಲೆಕ್ಕಕ್ಕೆ ಅದು ಸೇರಲಿಲ್ಲ.

ಆ ಹೊಗೆಯನ್ನು ಮನೆಯಿಂದ ಹೊರಗಟ್ಟಲು ನಮ್ಮ ದೇಶದಲ್ಲಿ ನಡೆದ ಪ್ರಯತ್ನಕ್ಕೂ ಒಂದು ಇತಿಹಾಸವಿದೆ. ಅದರ ಮುಖ್ಯವಾದ ಒಂದು ಅಧ್ಯಾಯ ನಡೆದದ್ದು ಕರ್ನಾಟಕದಲ್ಲಿಯೇ. ಅದನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ.

ಹಳೆಯ ಒಲೆಯ ರೂಪ ಹಿರಿಯರಿಗೆಲ್ಲ ನೆನಪಿರುತ್ತದೆ. ಮಣ್ಣಿನಿಂದ ಕಟ್ಟಿ ಸಗಣಿಯಿಂದ ಸಾರಿಸಿದ ಗೂಡು, ಪಾತ್ರೆ ಕೂರುವುದಕ್ಕೆ ಮೂರು ಗುಂಡು, ಪಕ್ಕದಲ್ಲಿ ಒಂದು ಕೊಡಿಯೊಲೆ. ಗುಂಡುಗಳ ನಡುವಿನ ಸಂದಿಯಿಂದ ಉರಿಯ ಬಹುಭಾಗ ಪಾತ್ರೆಯನ್ನು ಬಿಟ್ಟು ಹೊರಗೇ ಹೋಗುತ್ತಿತ್ತು. ಅದರೊಡನೆ ಹೊಗೆಯೂ ಬರುತ್ತಿತ್ತು. ಆ ಹೊಗೆಯಿಂದ ಉಪಯೋಗವೇ ಇರಲಿಲ್ಲವೆನ್ನಲಾಗದು. ಅಟ್ಟದ ಮೇಲಿನ ಬಿತ್ತನೆಯ ಕಾಳಿಗೆ ಹುಳು ಬೀಳದಂತೆ, ಮಾಡಿನ ಬಿದಿರಿಗೆ ನುಸಿ ಹಿಡಿಯದಂತೆ ಅದು ಕಾಯುತ್ತಿತ್ತು. ಬಿದಿರು ಉಳಿಯಿತು, ಅದರ ಕೆಳಗೆ ಕುಳಿತವರ ಎದೆ ಬೆಂದಿತು.

ಇದು ಬರಿಯ ಭಾವುಕತೆಯ ಮಾತಲ್ಲ. ದೆಹಲಿಯ ಹೆಸರಾಂತ ಹೃದಯತಜ್ಞೆ ಡಾ. ಎಸ್. ಪದ್ಮಾವತಿಯವರು ತಮ್ಮ ಸಹೋದ್ಯೋಗಿಯೊಡನೆ 1959ರಲ್ಲಿ 127 ರೋಗಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಶ್ವಾಸಕೋಶ ಕೆಟ್ಟು, ಅದರಿಂದ ಹೃದಯ ಸೋಲುವ ವ್ಯಾಧಿ ಅದು. ಗಂಡಸರಿಗಿಂತ ಚಿಕ್ಕ ವಯಸ್ಸಿಗೇ ಹೆಂಗಸರು ಅದಕ್ಕೆ ತುತ್ತಾಗುತ್ತಿದ್ದುದನ್ನು ಕಂಡು, ಅಡುಗೆಮನೆಯ ಹೊಗೆಯ ಕಡೆಗೆ ಅವರು ಬೆರಳು ತೋರಿದರು. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಅಕಾಲ ಮರಣಕ್ಕೆ ಈಡಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಒಲೆಯ ಸುಧಾರಣೆಗೆ ಮೊದಲು ಕೈಹಾಕಿದವರಲ್ಲಿ ಗಾಂಧೀಮಾರ್ಗದ ಕಾರ್ಯಕರ್ತರಿದ್ದರು. ವಾರ್ಧಾದ ಮಗನವಾಡಿಯಲ್ಲಿ 1940ರ ದಶಕದಲ್ಲಿ ರೂಪುಗೊಂಡ 'ಮಗನ್ ಚೂಲಾ' ಹೊಗೆಕೊಳವೆಯುಳ್ಳ ಮಣ್ಣಿನ ಒಲೆ. ಹೈದರಾಬಾದಿನ ಇಂಜಿನಿಯರ್ ಎಸ್. ಪಿ. ರಾಜು ಅವರು ಕೋಟ್ಯಂತರ ಜನರಿಗೆ ಹೊಗೆಯಿಲ್ಲದ ಅಡುಗೆಮನೆ ದೊರೆಯಬೇಕೆಂದು ಹಂಬಲಿಸಿ 1953ರಲ್ಲಿ ಪುಸ್ತಕವನ್ನೇ ಬರೆದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಘಟಕ ಹುಟ್ಟಿತು. ಹಳ್ಳಿಗೆ ಬೇಕಾದ ವಿಜ್ಞಾನವನ್ನು ಹಳ್ಳಿಯಲ್ಲಿಯೇ ಕಂಡುಕೊಳ್ಳಬೇಕೆಂಬುದು ಅದರ ಧ್ಯೇಯ. ಅದರ ವಿಜ್ಞಾನಿಗಳು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದ ಸುತ್ತಮುತ್ತ ಓಡಾಡಿ, ಯಾವ ಮನೆಯಲ್ಲಿ ಎಷ್ಟು ಸೌದೆ ಸುಡುತ್ತದೆ, ಅದನ್ನು ತರಲು ಯಾರು ಎಷ್ಟು ದೂರ ನಡೆಯುತ್ತಾರೆಂಬುದನ್ನು ಅಳೆದರು. ಆ ಅಳತೆಯ ನಂತರ ಕೆ. ಎಸ್. ಜಗದೀಶ್, ಎಸ್. ಎಸ್. ಲೋಕ್ರಸ್ ಮೊದಲಾದವರು 1980ರ ದಶಕದ ಆರಂಭದಲ್ಲಿ ರೂಪಿಸಿದ್ದು 'ಅಸ್ತ್ರ ಒಲೆ'.

ಅದರ ತತ್ತ್ವ ಸರಳ. ಸೌದೆ ಉರಿಯುವ ಗೂಡು ಮುಚ್ಚಿದ್ದು. ಕೆಳಗೆ ಬೂದಿ ಉದುರಿ ಗಾಳಿ ಏರಲು ಕಬ್ಬಿಣದ ಜಾಲರಿ. ಮೇಲೆ ಮೂರು ಪಾತ್ರೆಗಳಿಗೆ ಸರಿಯಾಗಿ ಕೂರುವ ಮೂರು ಬಾಯಿ. ಬಿಸಿಗಾಳಿ ಹಗುರವಾದ್ದರಿಂದ ಹೊಗೆಕೊಳವೆಯಲ್ಲಿ ಮೇಲೇರುತ್ತದೆ; ಏರುವಾಗ ಕೆಳಗಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಊದುಗೊಳವೆಯ ಕೆಲಸವನ್ನು ಕೊಳವೆಯೇ ಮಾಡುತ್ತದೆ. ಹಳೆಯ ಒಲೆಯಲ್ಲಿ ಸೌದೆಯ ಶಾಖದ ಸಣ್ಣ ಪಾಲು ಮಾತ್ರ ಪಾತ್ರೆಗೆ ತಲುಪುತ್ತಿದ್ದರೆ, ಪರೀಕ್ಷೆಯಲ್ಲಿ ಈ ಒಲೆ ನೂರಕ್ಕೆ 40ರ ಆಸುಪಾಸು ತಲುಪಿಸಿತು. ರಾಜ್ಯ ವಿಜ್ಞಾನ ಮತ್ತು ತಂತ್ರವಿದ್ಯಾ ಮಂಡಳಿ ಅದನ್ನು ಜಿಲ್ಲೆ ಜಿಲ್ಲೆಗೆ ಕೊಂಡೊಯ್ದಿತು. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1983ರಲ್ಲಿ ಮೊದಲಾಗಿ, 2002ರಲ್ಲಿ ನಿಲ್ಲುವ ವೇಳೆಗೆ ದೇಶದಲ್ಲಿ ಸುಮಾರು ಮೂರೂವರೆ ಕೋಟಿ ಒಲೆಗಳು ಲೆಕ್ಕಕ್ಕೆ ಬಂದಿದ್ದವು.

ಲೆಕ್ಕಕ್ಕೆ ಬಂದವೆಂದೆ, ಉರಿದವೆಂದು ಹೇಳಲಿಲ್ಲ. ಇಲ್ಲಿ ನಮ್ಮ ಮನೆಯ ಮಾತೊಂದನ್ನು ಹೇಳಬೇಕಾಗಿದೆ. 1980ರ ದಶಕದ ನಡುವೆ ನಮ್ಮ ಹಳ್ಳಿಯ ಮನೆಗೂ ಹೊಗೆಯಿಲ್ಲದ ಒಲೆ ಬಂದಿತು. ನಾನಾಗ ಹೊಸದಾಗಿ ಅಧ್ಯಾಪಕನಾಗಿದ್ದೆ. ತಾಯಿಗೆ ಉಪಕಾರ ಮಾಡಿದೆನೆಂದು ಬೀಗಿದೆ. ಒಲೆ ಕಟ್ಟುವವನು ಬಂದು ಒಂದೇ ದಿನದಲ್ಲಿ ಕಟ್ಟಿ ಹೋದ. ಎರಡನೆಯ ಮಳೆಗಾಲಕ್ಕೆ ಹೊಗೆ ಮತ್ತೆ ಅಡುಗೆಮನೆಗೆ ಮರಳಿತು. ತಾಯಿ ಒಲೆಯ ಬಾಯನ್ನು ಒಡೆದು ಅಗಲ ಮಾಡಿ, ದಪ್ಪ ಸೌದೆಯನ್ನು ತುರುಕಿ ಹಳೆಯ ಪದ್ಧತಿಗೇ ಹೋದರು. "ಹಳ್ಳಿಯ ಹೆಂಗಸರಿಗೆ ವಿಜ್ಞಾನ ಒಗ್ಗುವುದಿಲ್ಲ" ಎಂದು ನಾನು ಗೆಳೆಯರೆದುರು ನುಡಿದದ್ದೂ ಉಂಟು.

ಅವರು ಮೊದಲ ತಿಂಗಳಿನಲ್ಲಿಯೇ ಕೇಳಿದ್ದ ಮಾತು ಬಹುಕಾಲದ ಮೇಲೆ ನೆನಪಾಯಿತು: "ಒಲೆ ಚೆನ್ನಾಗಿದೆ ಕಣಪ್ಪ. ಕೊಳವೆಯೊಳಗಿನ ಮಸಿ ತೆಗೆಯೋದು ಹೇಗೆ ಅಂತ ಕೇಳಿಕೊಂಡು ಬಾ." ನಾನು ಕೇಳಿಕೊಂಡು ಬರಲಿಲ್ಲ. ಮಾಡು ಹತ್ತಿ ಕೊಳವೆ ಗುಡಿಸುವುದು ಅವರಿಂದ ಆಗದ ಕೆಲಸ. ಅದು ತಮ್ಮ ಕೆಲಸವೆಂದು ಮನೆಯ ಗಂಡಸರಿಗೆ ತೋರಲಿಲ್ಲ.

ನಮ್ಮ ಮನೆಯ ಕಥೆಯೇ ದೇಶದ ಕಥೆಯೂ ಆಗಿತ್ತೆಂದು ಆಮೇಲೆ ತಿಳಿಯಿತು. ಮುಂದೆ 2019ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಎಸ್ತರ್ ದುಫ್ಲೊ ಅವರೂ ಅವರ ಸಂಗಡಿಗರೂ ಒಡಿಶಾದ ಹಳ್ಳಿಗಳಲ್ಲಿ ಇಂಥ ಒಲೆಗಳನ್ನು ನಾಲ್ಕು ವರ್ಷಗಳವರೆಗೆ ಗಮನಿಸಿದರು. ಮೊದಲ ವರ್ಷ ಹೊಗೆ ಕಡಿಮೆಯಾಯಿತು. ಆಮೇಲೆ ಆ ಲಾಭ ಕರಗಿಹೋಯಿತು. ಜನರು ಒಲೆಯನ್ನು ದಿನವೂ ಬಳಸಲಿಲ್ಲ. ದುರಸ್ತಿಗೆ ಗಮನ ಕೊಡಲಿಲ್ಲ. 2016ರಲ್ಲಿ ಪ್ರಕಟವಾದ ಈ ಸಂಶೋಧನೆ ಹೇಳುವುದು ನನ್ನ ತಾಯಿ ಕೇಳಿದ್ದ ಪ್ರಶ್ನೆಯನ್ನೇ.

ಹಾಗಾದರೆ ಒಲೆಯ ಆರೈಕೆಯೆಂದರೇನು? ದೊಡ್ಡ ವಿದ್ಯೆಯೇನಲ್ಲ. ಹಸಿ ಸೌದೆ ಸುಡಬಾರದು. ಅದರ ಶಾಖ ನೀರನ್ನು ಆವಿ ಮಾಡುವುದರಲ್ಲಿ ಕಳೆಯುತ್ತದೆ. ಅರೆಬೆಂದ ಹೊಗೆ ತಣ್ಣಗಿನ ಕೊಳವೆಯಲ್ಲಿ ಅಂಟುಮಸಿಯಾಗಿ ಕೂರುತ್ತದೆ. ಆ ಮಸಿ ದಾರಿಯನ್ನು ಕಟ್ಟುತ್ತದೆ; ಒಮ್ಮೊಮ್ಮೆ ತಾನೇ ಹೊತ್ತಿಕೊಂಡು ಮಾಡಿಗೆ ಬೆಂಕಿ ತಗುಲಿಸುತ್ತದೆ. ಆದ್ದರಿಂದ ಸೌದೆಯನ್ನು ಸೀಳಿ ಒಣಗಿಸಿಡಬೇಕು. ಸಣ್ಣ ಸಣ್ಣದಾಗಿ ಒಡ್ಡಬೇಕು. ಜಾಲರಿಯ ಬೂದಿಯನ್ನು ದಿನವೂ, ಕೊಳವೆಯ ಮಸಿಯನ್ನು ತಿಂಗಳಿಗೊಮ್ಮೆಯಾದರೂ ತೆಗೆಯಬೇಕು. ಕೊಳವೆಯ ತುದಿ ಮಾಡಿನಿಂದ ಮೇಲಿರಬೇಕು. ತೊಲೆಗೂ ಅದಕ್ಕೂ ನಡುವೆ ತೆರವಿರಬೇಕು. ತೆಗೆದ ಬೂದಿಯಲ್ಲಿ ಕೆಂಡ ಅಡಗಿರುತ್ತದೆ. ಅದನ್ನು ತಗಡಿನ ಡಬ್ಬಿಯಲ್ಲಿ ಹೊರಗಿಡಬೇಕು. ಚಳಿಯೆಂದು ಕೆಂಡದ ಬಾಂಡಲೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗುವುದಂತೂ ಪ್ರಾಣಕ್ಕೇ ಅಪಾಯ. ಅದರ ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವಾಗುವುದಿಲ್ಲ.

ಪಟ್ಟಣದ ನಮಗೆ ಇದೆಲ್ಲ ಏಕೆಂದು ಕೆಲವರಿಗೆ ಅನಿಸಬಹುದು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆ ಅಡುಗೆ ಅನಿಲವನ್ನು ಬಡವರ ಮನೆಗೂ ತಲುಪಿಸಿದ್ದು ನಿಜ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ಶುದ್ಧ ಇಂಧನದಲ್ಲಿ ಅಡುಗೆ ಮಾಡುತ್ತಿದ್ದ ಮನೆಗಳು ನೂರಕ್ಕೆ ಸುಮಾರು 59 ಮಾತ್ರ. ಅನಿಲ ಬಂದ ಮನೆಗಳಲ್ಲಿಯೂ ಬಚ್ಚಲ ಹಂಡೆಯ ಕೆಳಗೆ, ಹಬ್ಬದ ದೊಡ್ಡ ಅಡುಗೆಗೆ ಸೌದೆಯೇ ಉರಿಯುತ್ತದೆ.

ಯಂತ್ರ ಕೊಟ್ಟರೆ ಉಪಕಾರ ಮುಗಿಯಿತೆಂದು ನಾವು ತಿಳಿಯುತ್ತೇವೆ. ಅದನ್ನು ದಿನವೂ ಬಳಸುವವರು ಕೇಳುವ ಸಣ್ಣ ಪ್ರಶ್ನೆಗೆ ಉತ್ತರ ಕೊಡುವವರೆಗೆ ಅದು ಮುಗಿದಿರುವುದಿಲ್ಲ. ನನ್ನ ತಾಯಿ ಈಗಿಲ್ಲ. ಹಳ್ಳಿಯ ಮನೆಯ ಬಚ್ಚಲಿನಲ್ಲಿ ಕೊಳವೆಯ ಒಲೆಯೊಂದು ಇಂದಿಗೂ ಉರಿಯುತ್ತಿದೆ. ಊರಿಗೆ ಹೋದಾಗಲೆಲ್ಲ ಅದರ ಮಸಿಯನ್ನು ನಾನೇ ತೆಗೆಯುತ್ತೇನೆ. ಅರ್ಧ ಗಂಟೆಯ ಕೆಲಸ.

(ಆಕಾಶವಾಣಿಯ ಕೃಪೆಯಿಂದ)